ಬಣ್ಣಕ್ಕೆ ಸಿಗುವ ತಪ್ಪು, ಬಣ್ಣಕ್ಕೆ ಸಿಗದ ತಪ್ಪು



ನಾನಿಂದು ಮಾತನಾಡಲಿರುವುದು ಸ್ಪ್ರೆಡ್‌ಶೀಟಿನಲ್ಲಿ ನುಸುಳುವ ತಪ್ಪುಗಳ ಬಗ್ಗೆ, ಮತ್ತು ಅವನ್ನು ಕಣ್ಣಿಗೆ ಬೀಳುವಂತೆ ಮಾಡುವ ಕಂಡೀಷನಲ್ ಫಾರ್ಮ್ಯಾಟಿಂಗ್ ಎಂಬ ಸೌಲಭ್ಯದ ಬಗ್ಗೆ. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಕ್ಯಾಲ್ಕ್ ಮೂರರಲ್ಲೂ ಇದು ಇದೆ. ನಾವೊಂದು ಷರತ್ತು ಬರೆದಿಡುತ್ತೇವೆ. ಆ ಷರತ್ತಿಗೆ ಒಳಪಡುವ ಸೆಲ್ ತಾನಾಗಿಯೇ ಬಣ್ಣ ತಾಳುತ್ತದೆ. ಅಂಕಿ ಬದಲಾದರೆ ಬಣ್ಣವೂ ಬದಲಾಗುತ್ತದೆ.

ಇದನ್ನು ಅಲಂಕಾರವೆಂದು ಬಳಸುವವರೇ ಹೆಚ್ಚು. ಅಂಕಪಟ್ಟಿಯಲ್ಲಿ ಹೆಚ್ಚು ಅಂಕಕ್ಕೆ ಹಸಿರು, ಕಡಿಮೆ ಅಂಕಕ್ಕೆ ಕೆಂಪು ಹಾಕಿ ಮುಗಿಸುತ್ತೇವೆ. ನನ್ನ ದೃಷ್ಟಿಯಲ್ಲಿ ಇದು ಲೆಕ್ಕ ತಾಳೆ ನೋಡುವ ಸಾಧನ. ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಸ್ಪ್ರೆಡ್‌ಶೀಟಿನ ತಪ್ಪುಗಳು ಎಂಥವು ಎಂಬುದು ಮೊದಲನೆಯದು. ತಾವಾಗಿಯೇ ಕೂಗಿ ಹೇಳುವ ತಪ್ಪುಗಳಿಗೆ ಬಣ್ಣ ಹಾಕುವ ಬಗೆ ಎರಡನೆಯದು. ಸದ್ದಿಲ್ಲದೆ ಕೂತ ತಪ್ಪುಗಳನ್ನು ಹೊರಗೆಳೆಯುವ ಬಗೆ ಮೂರನೆಯದು. ಬಣ್ಣದ ಮಿತಿ ಮತ್ತು ನಾವು ಪಾಲಿಸಬೇಕಾದ ಶಿಸ್ತು ಕೊನೆಯದು.

ಮೊದಲ ಭಾಗಕ್ಕೆ ಬರುತ್ತೇನೆ.

ವಿಸಿಕ್ಯಾಲ್ಕ್ ಎಂಬ ಮೊದಲ ಜನಪ್ರಿಯ ಸ್ಪ್ರೆಡ್‌ಶೀಟ್ 1979ರಲ್ಲಿ ಆಪಲ್ 2 ಗಣಕಕ್ಕಾಗಿ ಬಂತು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅದನ್ನು ರೂಪಿಸಿದರು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಮೆಕಿಂಟಾಷ್‌ಗಾಗಿ ಎಕ್ಸೆಲ್ ಬಂದವು. ಒಂದು ಅಂಕಿ ತಿದ್ದಿದರೆ ಅದನ್ನು ಆಧರಿಸಿದ ಎಲ್ಲ ಮೊತ್ತಗಳೂ ಕ್ಷಣದಲ್ಲಿ ಬದಲಾಗುವುದು ಈ ಸಾಧನದ ದೊಡ್ಡ ಶಕ್ತಿ. ಅಪಾಯವೂ ಅಲ್ಲೇ ಇದೆ. ಒಂದು ಸೆಲ್‌ನ ತಪ್ಪು ಯಾರ ಗಮನಕ್ಕೂ ಬಾರದೆ ಎಲ್ಲ ಮೊತ್ತಗಳಿಗೂ ಹರಡಿಬಿಡುತ್ತದೆ. ಕೈಬರಹದ ಕಿರ್ದಿ, ಖತಾವಣಿಯಲ್ಲಿ ಗುಮಾಸ್ತರು ಪುಟಪುಟಕ್ಕೂ ಮೊತ್ತ ಹಾಕಿ, ಜಮೆ ಖರ್ಚು ಕಳೆದು, ಶಿಲ್ಕು ತಾಳೆ ನೋಡುತ್ತಿದ್ದರು. ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ ಜಂಟಿ ನಮೂದಿನ ಪದ್ಧತಿಯ ಒಳಗೇ ತಾಳೆ ಇದೆ: ಎರಡು ಬದಿಯ ಮೊತ್ತ ಸಮವಾಗಲೇಬೇಕು. ಸ್ಪ್ರೆಡ್‌ಶೀಟಿನಲ್ಲಿ ಇಂಥ ತಾಳೆ ತಾನಾಗಿ ಇರುವುದಿಲ್ಲ, ನಾವೇ ಅದನ್ನು ಕಟ್ಟಬೇಕು.

ಕಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೂರು ಪ್ರಸಂಗಗಳನ್ನು ನೋಡೋಣ. ಮೂರೂ ಸಾರ್ವಜನಿಕ ದಾಖಲೆಯಲ್ಲಿವೆ.

ಮೊದಲನೆಯದು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಪ್ರಕಟಿಸಿದ ಪ್ರಬಂಧದ್ದು. ಸರ್ಕಾರದ ಸಾಲ ಒಟ್ಟು ದೇಶೀಯ ಉತ್ಪನ್ನದ ಶೇಕಡ 90ನ್ನು ದಾಟಿದ ದೇಶಗಳಲ್ಲಿ ಸರಾಸರಿ ಬೆಳವಣಿಗೆ ಸೊನ್ನೆಗಿಂತ ಕೆಳಗೆ, ಅಂದರೆ ಶೇಕಡ ಮೈನಸ್ 0.1ಕ್ಕೆ ಇಳಿಯುತ್ತದೆ ಎಂದು ಅದು ತೋರಿಸಿತ್ತು. ಮಿತವ್ಯಯದ ನೀತಿಯನ್ನು ಸಮರ್ಥಿಸುವವರು ಅದನ್ನು ಮತ್ತೆ ಮತ್ತೆ ಉಲ್ಲೇಖಿಸಿದರು. 2013ರಲ್ಲಿ ಆಮ್ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಲೇಖಕರಿಂದಲೇ ಅವರ ಎಕ್ಸೆಲ್ ಹಾಳೆಯನ್ನು ತರಿಸಿಕೊಂಡು ಪರೀಕ್ಷಿಸಿದ. ಸರಾಸರಿಯ ಫಾರ್ಮುಲಾ ಎಲ್ 30ರಿಂದ ಎಲ್ 49ರವರೆಗೆ ಹೋಗಬೇಕಿತ್ತು. ಅದು ಎಲ್ 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಲೆಕ್ಕದಿಂದ ಹೊರಗುಳಿದಿದ್ದವು. ಹರ್ನ್‌ಡನ್ ತನ್ನ ಪ್ರಾಧ್ಯಾಪಕರಾದ ಮೈಕೆಲ್ ಆಶ್ ಮತ್ತು ರಾಬರ್ಟ್ ಪೋಲಿನ್ ಜೊತೆ ಮರುಲೆಕ್ಕ ಹಾಕಿದಾಗ ಸರಾಸರಿ ಶೇಕಡ 2.2 ಬಂತು. ಈ ವ್ಯತ್ಯಾಸದ ದೊಡ್ಡ ಪಾಲು ಕೆಲವು ವರ್ಷಗಳ ಮಾಹಿತಿಯನ್ನು ಬಿಟ್ಟದ್ದರಿಂದ ಮತ್ತು ದೇಶಗಳಿಗೆ ಕೊಟ್ಟ ತೂಕದಿಂದ ಬಂದದ್ದು; ಫಾರ್ಮುಲಾ ತಪ್ಪಿನ ಪಾಲು ಸಣ್ಣದು. ಆದರೂ ಆ ಸಣ್ಣ ತಪ್ಪು ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು.

ಎರಡನೆಯದು 2012ರಲ್ಲಿ ಜೆ.ಪಿ. ಮಾರ್ಗನ್ ಬ್ಯಾಂಕಿಗೆ ಆದ ಸುಮಾರು 620 ಕೋಟಿ ಡಾಲರ್ ನಷ್ಟದ ಪ್ರಸಂಗ. ಅಪಾಯ ಅಳೆಯುವ ಬ್ಯಾಂಕಿನ ಹೊಸ ಮಾದರಿ ಎಕ್ಸೆಲ್ ಹಾಳೆಗಳ ಸರಣಿಯ ಮೇಲೆ ನಡೆಯುತ್ತಿತ್ತು. ಒಂದು ಹಾಳೆಯಿಂದ ಇನ್ನೊಂದಕ್ಕೆ ಅಂಕಿಗಳನ್ನು ಕೈಯಾರೆ ಕಾಪಿ ಪೇಸ್ಟ್ ಮಾಡಬೇಕಿತ್ತು. ಅದರ ಒಂದು ಫಾರ್ಮುಲಾ ಎರಡು ದರಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯಿಂದ ಭಾಗಿಸುವ ಬದಲು ಮೊತ್ತದಿಂದ ಭಾಗಿಸುತ್ತಿತ್ತು. ಏರಿಳಿತ ನಿಜಕ್ಕಿಂತ ಅರ್ಧದಷ್ಟೇ ಕಂಡಿತು ಎಂದು ಬ್ಯಾಂಕಿನದೇ ಆಂತರಿಕ ವರದಿ ಹೇಳಿತು. ನಷ್ಟವೆಲ್ಲ ಈ ಫಾರ್ಮುಲಾದಿಂದಲೇ ಆದದ್ದಲ್ಲ. ಆದರೆ ಎಚ್ಚರಿಸಬೇಕಿದ್ದ ಅಂಕಿಯೇ ಅಪಾಯವನ್ನು ಕಡಿಮೆ ಮಾಡಿ ತೋರಿಸುತ್ತಿತ್ತು.

ಮೂರನೆಯದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯದು. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕಕ್ಕೆ ಸೇರಲೇ ಇಲ್ಲ. ಪ್ರಯೋಗಾಲಯದಿಂದ ಬಂದ ಮಾಹಿತಿಯನ್ನು ತುಂಬುತ್ತಿದ್ದ ಎಕ್ಸೆಲ್ ಫೈಲುಗಳು ಹಳೆಯ ಬಗೆಯವು; ಅವು ಹಿಡಿಯುವುದು 65,536 ಸಾಲು ಮಾತ್ರ. ಮಿಕ್ಕ ಸಾಲುಗಳು ಒಳಗೆ ಬರಲಿಲ್ಲ. ಪರೀಕ್ಷೆ ಮಾಡಿಸಿಕೊಂಡವರಿಗೆ ಫಲಿತಾಂಶ ತಲುಪಿತ್ತು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು.

ಈ ಮೂರರಲ್ಲಿ ಯಾವ ತಪ್ಪೂ ಪರದೆಯ ಮೇಲೆ ಎರರ್ ಎಂದು ತೋರಿಸಲಿಲ್ಲ. ಎಲ್ಲ ಸೆಲ್‌ಗಳಲ್ಲೂ ನಂಬುವಂಥ ಅಂಕಿಯೇ ಇತ್ತು. ಹಾಗಾಗಿ ತಪ್ಪುಗಳನ್ನು ಎರಡು ಬಗೆಯಾಗಿ ವಿಂಗಡಿಸಬೇಕು. ಒಂದು, ಹಾಳೆ ತಾನೇ ಕೂಗಿ ಹೇಳುವ ತಪ್ಪು. ಇನ್ನೊಂದು, ಸರಿಯಾದ ಅಂಕಿಯ ವೇಷದಲ್ಲಿ ಕೂತ ತಪ್ಪು.

ಈಗ ಎರಡನೆಯ ಭಾಗ, ಕೂಗಿ ಹೇಳುವ ತಪ್ಪುಗಳಿಗೆ ಬಣ್ಣ ಹಾಕುವ ಬಗೆ.

ಸೊನ್ನೆಯಿಂದ ಭಾಗಿಸಿದರೆ ಒಂದು ಸಂಕೇತ, ಫಾರ್ಮುಲಾ ನೆಚ್ಚಿದ ಕಾಲಂ ಅಳಿಸಿದರೆ ರೆಫ್, ಹುಡುಕಿದ್ದು ಸಿಗದಿದ್ದರೆ ಎನ್‌ಎ, ಅಂಕಿ ಬೇಕಾದಲ್ಲಿ ಅಕ್ಷರ ಬಂದರೆ ವ್ಯಾಲ್ಯೂ, ಫಂಕ್ಷನ್ನಿನ ಹೆಸರು ತಪ್ಪಿದರೆ ನೇಮ್. ಇವೆಲ್ಲ ಎರರ್ ಸಂಕೇತಗಳು. ಮೂರು ಸಾವಿರ ಸಾಲಿನ ಪಟ್ಟಿಯ ಮಧ್ಯೆ ಇಂಥದೊಂದು ಇದ್ದರೆ ಕೊನೆಯ ಮೊತ್ತವೂ ಎರರ್ ಆಗುತ್ತದೆ, ಆದರೆ ಮೂಲ ಎಲ್ಲಿ ಎಂಬುದು ಕಾಣುವುದಿಲ್ಲ. ಇಲ್ಲಿ ಬಣ್ಣ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಕ್ರಮ ಸರಳ. ಎ2ರಿಂದ ಆರಂಭಿಸಿ ಪಟ್ಟಿಯನ್ನು ಪೂರ್ತಿ ಸೆಲೆಕ್ಟ್ ಮಾಡಿ. ಎಕ್ಸೆಲ್‌ನ ಹೋಮ್ ಟ್ಯಾಬಿನಲ್ಲಿ ಕಂಡೀಷನಲ್ ಫಾರ್ಮ್ಯಾಟಿಂಗ್, ಅಲ್ಲಿ ನ್ಯೂ ರೂಲ್, ಅದರಲ್ಲಿ ಫಾರ್ಮುಲಾ ಬಳಸುವ ಆಯ್ಕೆ. ಬರೆಯಬೇಕಾದ ಷರತ್ತು ಇಷ್ಟೇ: ಸಮ ಚಿಹ್ನೆ, ಇಸ್‌ಎರರ್, ಆವರಣದಲ್ಲಿ ಎ2. ಫಾರ್ಮ್ಯಾಟ್‌ನಲ್ಲಿ ಕೆಂಪು ಹಿನ್ನೆಲೆ ಆರಿಸಿ ಓಕೆ ಕೊಟ್ಟರೆ ಎರರ್ ಇರುವ ಸೆಲ್‌ಗಳೆಲ್ಲ ಎದ್ದು ಕಾಣುತ್ತವೆ.

ಈ ಸರಳ ಕ್ರಮದಲ್ಲಿ ಮೂರು ಕಡೆ ಎಡವುವುದುಂಟು. ಷರತ್ತನ್ನು ಸೆಲೆಕ್ಷನ್ನಿನ ಮೊದಲ ಸೆಲ್‌ಗೆ ಹೊಂದುವಂತೆ ಬರೆಯಬೇಕು. ಉಳಿದ ಸೆಲ್‌ಗಳಿಗೆ ಅದು ತಾನೇ ಸರಿದುಕೊಳ್ಳುತ್ತದೆ. ಎ2ರಿಂದ ಸೆಲೆಕ್ಟ್ ಮಾಡಿ ಎ1 ಎಂದು ಬರೆದರೆ ಬಣ್ಣ ಒಂದು ಸಾಲು ಕೆಳಗೆ ಬೀಳುತ್ತದೆ. ಸರಿಯಾದ ಸಾಲು ಕೆಂಪಾಗಿ, ತಪ್ಪಿದ ಸಾಲು ಬಿಳಿಯಾಗಿ ಉಳಿಯುತ್ತದೆ. ಎರಡನೆಯದು ಡಾಲರ್ ಚಿಹ್ನೆ. ಡಿ ಕಾಲಂನಲ್ಲಿ ತಪ್ಪಿದ್ದರೆ ಇಡೀ ಸಾಲಿಗೆ ಬಣ್ಣ ಬರಬೇಕೆಂದರೆ ಡಿ ಅಕ್ಷರದ ಹಿಂದೆ ಡಾಲರ್ ಹಾಕಬೇಕು, 2ರ ಹಿಂದೆ ಹಾಕಬಾರದು. ಮೂರನೆಯದು ಬಹಳ ಜನರಿಗೆ ತಿಳಿಯದ ಸಂಗತಿ. ಡಿ2 ಐದು ಸಾವಿರಕ್ಕಿಂತ ಹೆಚ್ಚಿದ್ದರೆ ಕೆಂಪು ಎಂಬ ಷರತ್ತು ಇದೆ ಎನ್ನಿ. ಡಿ2ರಲ್ಲೇ ಎರರ್ ಇದ್ದರೆ ಷರತ್ತಿನ ಉತ್ತರವೂ ಎರರ್ ಆಗುತ್ತದೆ, ಬಣ್ಣ ಬೀಳುವುದೇ ಇಲ್ಲ. ಆದ್ದರಿಂದ ಎರರ್ ಹಿಡಿಯುವ ಷರತ್ತು ಬೇರೆಯಾಗಿಯೇ ಇರಬೇಕು, ಎಲ್ಲಕ್ಕಿಂತ ಮೇಲಿರಬೇಕು.

ಎನ್‌ಎ ಸಂಕೇತಕ್ಕೆ ಬೇರೆ ಬಣ್ಣ ಕೊಡುವುದು ಒಳ್ಳೆಯದು. ಪ್ರವೇಶ ಪಟ್ಟಿಯಲ್ಲಿರುವ ವಿದ್ಯಾರ್ಥಿಯ ಹೆಸರು ಶುಲ್ಕದ ಪಟ್ಟಿಯಲ್ಲಿ ಸಿಗಲಿಲ್ಲ ಎಂಬುದು ಎಷ್ಟೋ ಸಲ ನಿಜವಾದ ಉತ್ತರವೇ ಆಗಿರುತ್ತದೆ, ಆತ ಇನ್ನೂ ಶುಲ್ಕ ಕಟ್ಟಿರುವುದಿಲ್ಲ. ಇಸ್‌ಎನ್‌ಎ ಷರತ್ತಿಗೆ ಹಳದಿ, ಎನ್‌ಎ ಬಿಟ್ಟು ಮಿಕ್ಕೆಲ್ಲ ಎರರ್‌ಗಳನ್ನು ಹಿಡಿಯುವ ಇಸ್‌ಎರ್‌ಗೆ ಕೆಂಪು ಎಂದಿಟ್ಟರೆ ವಿಚಾರಿಸಬೇಕಾದದ್ದು ಮತ್ತು ತಿದ್ದಬೇಕಾದದ್ದು ಬೇರೆಬೇರೆಯಾಗಿ ಕಾಣುತ್ತವೆ.

ಇಲ್ಲಿ ಒಂದು ಮನವಿ. 2007ರ ಎಕ್ಸೆಲ್‌ನಲ್ಲಿ ಇಫ್‌ಎರರ್ ಎಂಬ ಫಂಕ್ಷನ್ ಬಂತು. ಎರರ್ ಬಂದಲ್ಲಿ ಸೊನ್ನೆಯನ್ನೋ ಖಾಲಿ ಜಾಗವನ್ನೋ ತೋರಿಸಲು ಅದನ್ನು ಬಳಸುತ್ತಾರೆ. ಅಕ್ಷರವನ್ನು ಬಿಳಿ ಮಾಡಿ ಎರರ್ ಕಾಣದಂತೆ ಮಾಡಲು ಕಂಡೀಷನಲ್ ಫಾರ್ಮ್ಯಾಟಿಂಗನ್ನೇ ಬಳಸುವವರೂ ಇದ್ದಾರೆ. ಮೇಲಧಿಕಾರಿಗೆ ಹೋಗುವ ಹಾಳೆ ಚೊಕ್ಕವಾಗಿ ಕಾಣಲಿ ಎಂಬ ಆಸೆ ಸಹಜ. ಆದರೆ ಕಾಣದ ಎರರ್ ಮೊತ್ತದಲ್ಲಿ ಸೊನ್ನೆಯಾಗಿ ಸೇರಿದಾಗ ಕೂಗಿ ಹೇಳುತ್ತಿದ್ದ ತಪ್ಪು ಮೌನದ ತಪ್ಪಾಗುತ್ತದೆ. ಕಾರಣ ಗೊತ್ತಿಲ್ಲದ ಎರರ್ ಅನ್ನು ದಯವಿಟ್ಟು ಮುಚ್ಚಬೇಡಿ.

ಇನ್ನು ಮೂರನೆಯ ಭಾಗ. ನನ್ನ ಮಾತಿನ ತಿರುಳು ಇಲ್ಲಿದೆ.

ಮೌನದ ತಪ್ಪಿಗೆ ಸಿದ್ಧ ಫಂಕ್ಷನ್ ಇಲ್ಲ. ಯಾವುದು ಸರಿ ಎಂಬುದನ್ನು ನಾವು ಮೊದಲೇ ಹೇಳಿಟ್ಟರೆ ಮಾತ್ರ ಅದು ಸಿಗುತ್ತದೆ. ಪ್ರತಿ ಷರತ್ತೂ ನಮ್ಮ ಒಂದು ನಿರೀಕ್ಷೆಯ ಲಿಖಿತ ರೂಪ. ವಿದ್ಯಾರ್ಥಿವೇತನ ಪಾವತಿಯ ಪಟ್ಟಿಯೊಂದನ್ನು ಎದುರಿಗಿಟ್ಟುಕೊಂಡು ನೋಡೋಣ. ನೋಂದಣಿ ಸಂಖ್ಯೆ, ಹೆಸರು, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಮೊತ್ತ, ದಿನಾಂಕ ಎಂಬ ಕಾಲಂಗಳಿವೆ.

ಐಎಫ್‌ಎಸ್‌ಸಿಯಿಂದ ಆರಂಭಿಸೋಣ. ಭಾರತದ ಯಾವುದೇ ಬ್ಯಾಂಕ್ ಶಾಖೆಯ ಈ ಕೋಡ್‌ನಲ್ಲಿ 11 ಅಕ್ಷರ ಇರುತ್ತವೆ: ಮೊದಲ ನಾಲ್ಕು ಬ್ಯಾಂಕಿನವು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯವು. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಒತ್ತಿದರೆ ಕಣ್ಣಿಗೆ ತಿಳಿಯುವುದೇ ಇಲ್ಲ. ಉದ್ದ 11 ಇಲ್ಲದಿದ್ದರೆ ಅಥವಾ ಐದನೆಯ ಅಕ್ಷರ ಸೊನ್ನೆಯಲ್ಲದಿದ್ದರೆ ಬಣ್ಣ ಬರಲಿ ಎಂದು ಲೆನ್ ಮತ್ತು ಮಿಡ್ ಫಂಕ್ಷನ್‌ಗಳಿಂದ ಷರತ್ತು ಬರೆದರೆ ಆ ಓ ತಕ್ಷಣ ಸಿಕ್ಕಿಬೀಳುತ್ತದೆ. ಕೋಡ್‌ನ ಕೊನೆಗೆ ಉಳಿದ ಖಾಲಿ ಜಾಗವೂ ಉದ್ದದ ಷರತ್ತಿಗೆ ಸಿಗುತ್ತದೆ.

ಖಾತೆ ಸಂಖ್ಯೆಯ ಕಷ್ಟ ಬೇರೆ. ಅದನ್ನು ಅಂಕಿಯಾಗಿ ಒತ್ತಿದರೆ ಮೊದಲಿನ ಸೊನ್ನೆಗಳು ಬಿದ್ದುಹೋಗುತ್ತವೆ. ಎಕ್ಸೆಲ್ ನೆನಪಿಡುವುದು 15 ಅಂಕಿಗಳನ್ನು ಮಾತ್ರ. 16ನೆಯ ಅಂಕಿ ಸೊನ್ನೆಯಾಗುತ್ತದೆ. ಹಾಗಾಗಿ ಈ ಕಾಲಂ ಟೆಕ್ಸ್ಟ್ ಆಗಿರಬೇಕು. ಇಸ್‌ನಂಬರ್ ನಿಜವಾದರೆ ಕೆಂಪು ಎಂಬ ಷರತ್ತು ಇರಲಿ. ಒಂದೇ ಖಾತೆ ಎರಡು ಸಲ ಬಂದಿದೆಯೇ ಎಂದು ನೋಡಲು ಕೌಂಟ್‌ಇಫ್ ಬಳಸುವವರು ಒಂದು ಎಚ್ಚರ ವಹಿಸಬೇಕು. ಟೆಕ್ಸ್ಟ್ ಆಗಿದ್ದರೂ ಅಂಕಿಗಳೇ ತುಂಬಿದ ಸಂಖ್ಯೆಯನ್ನು ಅದು ಅಂಕಿಯಾಗಿಯೇ ಹೋಲಿಸುತ್ತದೆ. 15 ಅಂಕಿ ದಾಟಿದ ಎರಡು ಖಾತೆಗಳು ಕೊನೆಯಲ್ಲಿ ಮಾತ್ರ ಬೇರೆಯಾಗಿದ್ದರೆ ಎರಡೂ ಒಂದೇ ಎಂದುಬಿಡುತ್ತದೆ. ಅಂಥಲ್ಲಿ ಸಮ್‌ಪ್ರಾಡಕ್ಟ್‌ನಿಂದ ನೇರ ಹೋಲಿಕೆ ಮಾಡುವುದು ಸರಿ.

ಮೊತ್ತದ ಕಾಲಂನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಟೆಕ್ಸ್ಟ್ ಇರಬಾರದು. ಬೇರೆ ತಂತ್ರಾಂಶದಿಂದ ತಂದು ಅಂಟಿಸಿದ 4,500 ನೋಡಲು ಅಂಕಿಯಂತಿದ್ದರೂ ಒಳಗೆ ಟೆಕ್ಸ್ಟ್ ಆಗಿರಬಹುದು. ಸಮ್ ಫಂಕ್ಷನ್ ಅದನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ. ಎಕ್ಸೆಲ್ ಸೆಲ್‌ನ ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ ತೋರಿಸುತ್ತದಾದರೂ ಸಾವಿರ ಸಾಲಿನಲ್ಲಿ ಅದನ್ನು ಗಮನಿಸುವವರು ಯಾರು? ಇಸ್‌ಟೆಕ್ಸ್ಟ್ ಷರತ್ತು ಗಮನಿಸುತ್ತದೆ.

ಇದೇ ದೋಷ ಅಂಕಪಟ್ಟಿಯಲ್ಲಿದ್ದರೆ ಫಲಿತಾಂಶವೇ ತಿರುಗುಮುರುಗಾದೀತು. ತೇರ್ಗಡೆಗೆ 35 ಬೇಕು, ಅದಕ್ಕಿಂತ ಕಡಿಮೆಯಾದರೆ ಕೆಂಪು ಎಂದು ಫಾರ್ಮುಲಾದಲ್ಲಿ ಷರತ್ತು ಬರೆದಿದ್ದೀರಿ ಎನ್ನಿ. ಎಕ್ಸೆಲ್‌ನ ಹೋಲಿಕೆಯಲ್ಲಿ ಟೆಕ್ಸ್ಟ್ ಯಾವಾಗಲೂ ಅಂಕಿಗಿಂತ ದೊಡ್ಡದು. ಟೆಕ್ಸ್ಟ್ ಆಗಿ ಕೂತ 28 ಕೆಂಪಾಗುವುದಿಲ್ಲ, ಅನುತ್ತೀರ್ಣನಾದವನು ತೇರ್ಗಡೆಯಾದಂತೆ ಕಾಣುತ್ತಾನೆ. ಖಾಲಿ ಸೆಲ್ ಸೊನ್ನೆಗೆ ಸಮವಾದ್ದರಿಂದ ಅಂಕ ಇನ್ನೂ ಬಾರದ ವಿದ್ಯಾರ್ಥಿಯ ಸೆಲ್ ಕೆಂಪಾಗುತ್ತದೆ. ತಪ್ಪು ತೋರಿಸಬೇಕಾದ ಬಣ್ಣವೇ ಇಲ್ಲಿ ತಪ್ಪು ಹೇಳುತ್ತಿದೆ. ಆದ್ದರಿಂದ ಮೊದಲು ಟೆಕ್ಸ್ಟ್ ಇದೆಯೇ, ಆಮೇಲೆ ಖಾಲಿ ಇದೆಯೇ, ಕೊನೆಗೆ 35ಕ್ಕಿಂತ ಕಡಿಮೆಯೇ ಎಂಬ ಕ್ರಮದಲ್ಲಿ ಮೂರು ಷರತ್ತು, ಮೂರು ಬಣ್ಣ ಇರಲಿ.

ದಿನಾಂಕದ ತಪ್ಪು ಇನ್ನೂ ಸೂಕ್ಷ್ಮ. ನಾವು ದಿನವನ್ನು ಮೊದಲು, ತಿಂಗಳನ್ನು ಆಮೇಲೆ ಬರೆಯುತ್ತೇವೆ. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಗಣಕದಲ್ಲಿ 13/05/2024 ಎಂದು ಒತ್ತಿದರೆ ಹದಿಮೂರನೆಯ ತಿಂಗಳಿಲ್ಲವಾದ್ದರಿಂದ ಅದು ಟೆಕ್ಸ್ಟ್ ಆಗಿ ಉಳಿಯುತ್ತದೆ. ಜೂನ್ 5 ಎಂಬ ಅರ್ಥದಲ್ಲಿ 05/06/2024 ಎಂದು ಒತ್ತಿದ್ದು ಮಾತ್ರ ಮೇ 6 ಆಗಿ ಒಳಗೆ ಕೂರುತ್ತದೆ. ದಿನಾಂಕದ ಕಾಲಂನಲ್ಲಿ ಇಸ್‌ಟೆಕ್ಸ್ಟ್ ಷರತ್ತು ಒಂದು ಸೆಲ್ಲನ್ನು ಕೆಂಪು ಮಾಡಿದರೂ ಅದೊಂದನ್ನೇ ತಿದ್ದಿ ಸುಮ್ಮನಾಗಬೇಡಿ. ಬಣ್ಣ ಬಾರದ ದಿನಾಂಕಗಳೇ ಆಗ ಹೆಚ್ಚು ಅನುಮಾನಕ್ಕೆ ಅರ್ಹ. ತಾನಾಗಿ ದಿನಾಂಕವಾಗುವ ಈ ಚಾಳಿ ವಿಜ್ಞಾನಿಗಳನ್ನೂ ಕಾಡಿದೆ. ಸೆಪ್ಟ್2, ಮಾರ್ಚ್1 ಎಂಬ ಮಾನವ ಜೀನ್‌ಗಳ ಹೆಸರು ಎಕ್ಸೆಲ್‌ನಲ್ಲಿ ಸೆಪ್ಟೆಂಬರ್, ಮಾರ್ಚ್ ತಿಂಗಳ ದಿನಾಂಕಗಳಾಗುತ್ತಿದ್ದವು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿ ಅವುಗಳ ಹೆಸರನ್ನೇ ಬದಲಿಸಿ 2020ರಲ್ಲಿ ಹೊಸ ಮಾರ್ಗಸೂಚಿ ಪ್ರಕಟಿಸಿತು.

ಇನ್ನೆರಡು ಷರತ್ತುಗಳನ್ನು ಹೇಳಿ ಈ ಭಾಗ ಮುಗಿಸುತ್ತೇನೆ. ಫಾರ್ಮುಲಾ ಇರಬೇಕಾದ ಕಾಲಂನಲ್ಲಿ ಯಾರೋ ಅವಸರದಲ್ಲಿ ಅಂಕಿಯನ್ನೇ ಒತ್ತಿ ಹೋಗಿದ್ದರೆ ಮುಂದಿನ ತಿಂಗಳು ಆ ಸೆಲ್ ಬದಲಾಗದೆ ಹಾಗೇ ಉಳಿಯುತ್ತದೆ. 2013ರ ಎಕ್ಸೆಲ್‌ನಿಂದ ಲಭ್ಯವಿರುವ ಇಸ್‌ಫಾರ್ಮುಲಾ ಸುಳ್ಳಾದರೆ ಕೆಂಪು ಎಂಬ ಷರತ್ತು ಅದನ್ನು ಹಿಡಿಯುತ್ತದೆ. ಇನ್ನೊಂದು ತಾಳೆಯ ಷರತ್ತು. ಅಡ್ಡ ಮೊತ್ತಗಳ ಒಟ್ಟು ಮತ್ತು ಉದ್ದ ಮೊತ್ತಗಳ ಒಟ್ಟು ಸಮವಿರಬೇಕು, ಕಳುಹಿಸಿದ ಸಾಲುಗಳಷ್ಟೇ ಸಾಲು ಬಂದಿರಬೇಕು, ಸರಾಸರಿಗೆ ಸೇರಿದ ದೇಶಗಳು ಪಟ್ಟಿಯಲ್ಲಿರುವಷ್ಟೇ ಇರಬೇಕು. ಗಣಕ ದಶಮಾಂಶವನ್ನು ಇಡುವ ರೀತಿಯಿಂದ ಅತಿ ಸಣ್ಣ ವ್ಯತ್ಯಾಸ ಉಳಿಯಬಹುದಾದ್ದರಿಂದ, ಹಣದ ಲೆಕ್ಕದಲ್ಲಿ ವ್ಯತ್ಯಾಸ ಅರ್ಧ ಪೈಸೆ ದಾಟಿದರೆ ಮಾತ್ರ ಕೆಂಪು ಎಂದು ಬರೆಯಬೇಕು. ಇಂಗ್ಲೆಂಡಿನಲ್ಲಿ ಬಿಟ್ಟುಹೋದ ಸಾಲುಗಳಿಗೆ ಬಣ್ಣ ಹಾಕಲು ಆಗುತ್ತಿರಲಿಲ್ಲ, ಏಕೆಂದರೆ ಅವು ಹಾಳೆಯಲ್ಲೇ ಇರಲಿಲ್ಲ. ಬಂದ ಸಾಲುಗಳ ಎಣಿಕೆಗೆ ಬಣ್ಣ ಹಾಕಬಹುದಿತ್ತು. ರೈನ್‌ಹಾರ್ಟ್ ಮತ್ತು ರೊಗಾಫ್ ಹಾಳೆಯಲ್ಲಿ ಸರಾಸರಿಯಿಂದ ಹೊರಗುಳಿದ ಐದು ದೇಶಗಳೂ ಇಂಥ ಎಣಿಕೆಗೆ ಸಿಕ್ಕಿಬೀಳುತ್ತಿದ್ದವು.

ಕೊನೆಯ ಭಾಗಕ್ಕೆ ಬಂದಿದ್ದೇನೆ: ಮಿತಿ ಮತ್ತು ಶಿಸ್ತು.

ಮೊದಲ ಮಿತಿ ದೊಡ್ಡದು. ಜೆ.ಪಿ. ಮಾರ್ಗನ್ ಹಾಳೆಯಲ್ಲಿ ಸರಾಸರಿಯ ಬದಲು ಮೊತ್ತದಿಂದ ಭಾಗಿಸಿದ ತಪ್ಪನ್ನು ಯಾವ ಸಿದ್ಧ ಷರತ್ತೂ ಹಿಡಿಯದು. ಅದನ್ನು ಹಿಡಿಯುವುದು ವಿಷಯ ಬಲ್ಲ ಇನ್ನೊಬ್ಬರು ಫಾರ್ಮುಲಾ ಓದಿದಾಗ, ಅಥವಾ ಉತ್ತರ ಗೊತ್ತಿರುವ ಸಣ್ಣ ಲೆಕ್ಕವೊಂದನ್ನು ಕೈಯಾರೆ ಮಾಡಿ ಹೋಲಿಸಿದಾಗ. ಬಣ್ಣ ಬರಲಿಲ್ಲ ಎಂದರೆ ನಾವು ಕೇಳಿದ ಪ್ರಶ್ನೆಗಳಿಗೆ ಸರಿ ಉತ್ತರ ಬಂತು ಎಂದಷ್ಟೇ ಅರ್ಥ. ಕೇಳದೆ ಬಿಟ್ಟ ಪ್ರಶ್ನೆಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಎರಡನೆಯದು ಷರತ್ತುಗಳ ಸವಕಳಿ. ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದಾಗ ಅಂಕಿಯ ಜೊತೆ ಆ ಸೆಲ್‌ನ ಷರತ್ತೂ ಬಂದು ನಮ್ಮ ಷರತ್ತನ್ನು ಅಳಿಸಬಹುದು, ಚೂರುಚೂರು ಮಾಡಬಹುದು. ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಮಾತ್ರ ಆರಿಸುವುದನ್ನು ರೂಢಿ ಮಾಡಿಕೊಳ್ಳಿ. ಮ್ಯಾನೇಜ್ ರೂಲ್ಸ್ ತೆರೆದು ಷರತ್ತುಗಳು ಪಟ್ಟಿಯ ಕೊನೆಯ ಸಾಲಿನವರೆಗೂ ಹಬ್ಬಿವೆಯೇ ಎಂದು ಆಗಾಗ ನೋಡಿ. ತಪ್ಪು ಅಂಕಿ ಒತ್ತದಂತೆ ತಡೆಯುವ ಡೇಟಾ ವ್ಯಾಲಿಡೇಷನ್ ಪೇಸ್ಟ್ ಮಾಡಿದ ಅಂಕಿಯನ್ನು ತಡೆಯುವುದಿಲ್ಲ. ಆದ್ದರಿಂದ ಎರಡೂ ಇರಲಿ.

ಮೂರನೆಯದು ನೋಡುವವರ ಕಣ್ಣು. ಕೆಂಪು ಹಸಿರಿನ ಭೇದ ಕಾಣದವರು, ಅದರಲ್ಲೂ ಗಂಡಸರು, ನಮ್ಮ ನಡುವೆ ಇದ್ದಾರೆ. ಕಚೇರಿಯ ಪ್ರಿಂಟರ್ ಕಪ್ಪು ಬಿಳುಪಿನದಾಗಿದ್ದರೆ ಬಣ್ಣವೆಲ್ಲ ಬೂದಿ. ಸಿಎಸ್‌ವಿ ಫೈಲಾಗಿ ಕಳುಹಿಸಿದರೆ ಬಣ್ಣವೇ ಉಳಿಯುವುದಿಲ್ಲ. ಆದ್ದರಿಂದ ಪ್ರತಿ ಪಟ್ಟಿಯ ಬದಿಗೆ ಪರಿಶೀಲಿಸಿ ಅಥವಾ ಸರಿ ಎಂದು ಅಕ್ಷರದಲ್ಲೇ ಹೇಳುವ ಕಾಲಂ ಇರಲಿ, ಹಾಳೆಯ ತಲೆಯಲ್ಲಿ ಪರಿಶೀಲಿಸಬೇಕಾದ ಸಾಲುಗಳ ಒಟ್ಟು ಎಣಿಕೆ ಇರಲಿ. 1997ರ ಎಕ್ಸೆಲ್‌ನಲ್ಲಿ ಈ ಸೌಲಭ್ಯ ಬಂದಾಗ ಒಂದು ಸೆಲ್‌ಗೆ ಮೂರೇ ಷರತ್ತು ಹಾಕಬಹುದಿತ್ತು. 2007ರಲ್ಲಿ ಆ ಮಿತಿ ಹೋಯಿತು. ಹೋದರೂ ಮೂರು ನಾಲ್ಕು ಬಣ್ಣ ದಾಟದಿರುವುದೇ ಲೇಸು. ಎಲ್ಲವೂ ಬಣ್ಣವಾದ ಹಾಳೆಯಲ್ಲಿ ಯಾವುದೂ ಎದ್ದು ಕಾಣುವುದಿಲ್ಲ.

ಸನ್ಮಿತ್ರರೆ, ಕರ್ನಾಟಕದ ಶಾಲೆ, ಪಂಚಾಯಿತಿ, ಸಹಕಾರ ಸಂಘ, ಸ್ತ್ರೀಶಕ್ತಿ ಗುಂಪುಗಳ ಲೆಕ್ಕವೂ ಈಗ ಇಂಥ ಹಾಳೆಗಳಲ್ಲಿ ನಡೆಯುವುದುಂಟು. ಒಂದು ತಪ್ಪಿದ ಸೆಲ್ ಎಂದರೆ ಬಾರದ ವಿದ್ಯಾರ್ಥಿವೇತನ, ತಡವಾದ ಪಿಂಚಣಿ, ಬೇರೆಯವರ ಖಾತೆ ಸೇರಿದ ಕೂಲಿ. ಅದನ್ನು ತಡೆಯುವ ಸಾಧನ ಸ್ಪ್ರೆಡ್‌ಶೀಟ್ ಇರುವ ಪ್ರತಿ ಗಣಕದಲ್ಲೂ ಇದೆ, ಅದಕ್ಕೆ ಬೇರೆ ಖರ್ಚಿಲ್ಲ. ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ಹೊಸ ಹಾಳೆ ತೆರೆದಾಗ ಅಂಕಿ ತುಂಬುವ ಮೊದಲು ಪ್ರತಿ ಕಾಲಂನಲ್ಲಿ ಏನಿರಬೇಕು, ಏನಿರಬಾರದು ಎಂದು ಒಂದೊಂದು ವಾಕ್ಯ ಬರೆಯಿರಿ. ಆ ವಾಕ್ಯಗಳನ್ನೇ ಷರತ್ತುಗಳನ್ನಾಗಿ ಮಾಡಿ. ಬೇಕೆಂದೇ ಒಂದು ತಪ್ಪು ಅಂಕಿ ಒತ್ತಿ, ಬಣ್ಣ ಬರುತ್ತದೆಯೇ ಎಂದು ಪರೀಕ್ಷಿಸಿ. ಕೆಲಸ ಮುಗಿದ ಮೇಲೆ ಹಾಳೆಯನ್ನು ಸಹಪಾಠಿಯ ಕೈಗೆ ಕೊಟ್ಟು ಓದಿಸಿ. ಅಧ್ಯಾಪಕರು ಮತ್ತು ಕಚೇರಿಯ ಮುಖ್ಯಸ್ಥರು ಇದನ್ನು ಪಾಠದ, ಕೆಲಸದ ಭಾಗವಾಗಿಸಬೇಕು. ತಾಳೆ ನೋಡದ ಹಾಳೆಗೆ ಸಹಿ ಹಾಕುವುದಿಲ್ಲ ಎಂಬ ನಿಯಮ ತರಬೇಕು.